ಶಾಲೆಯ ಮಾಡು (ಛಾವಣಿ) ಮತ್ತು ಹತ್ತನೆಯ ತರಗತಿ: ಹಳೆ ವಿದ್ಯಾರ್ಥಿಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶಾಲೆಯ ಮಾಡಿನ ದುರಸ್ತಿಗೆ, ಹತ್ತನೆಯ ತರಗತಿಯ ಸಂಜೆ ಪಾಠಕ್ಕೆ ನಿಮ್ಮ ನೆರವು ಬೇಕು. ನಮ್ಮದು ಅನುದಾನಿತ ಶಾಲೆ, ಖರ್ಚು ಕೊಡಲು ಸರ್ಕಾರಕ್ಕೆ ಏನು ಕಷ್ಟ ಎಂದು ಹಲವರು ಕೇಳಿದ್ದೀರಿ. ಅನುದಾನ ಬರುವುದು ಮಂಜೂರಾದ ಹುದ್ದೆಗಳ ಸಂಬಳಕ್ಕೆ. ನಿವೃತ್ತರ ಜಾಗಕ್ಕೆ ನೇಮಕಾತಿಯ ಒಪ್ಪಿಗೆ ಸಿಗುವವರೆಗೆ ಗೌರವ ಶಿಕ್ಷಕರ ಸಂಬಳ, ಕಟ್ಟಡದ ದುರಸ್ತಿ ಎರಡೂ ಆಡಳಿತ ಮಂಡಳಿಯ ತಲೆಗೇ.

ಮಾಡಿನ ಕೆಲಸ ಮೇ ತಿಂಗಳೊಳಗೆ ಮುಗಿಯಲೇಬೇಕು. ಹಂಚು ಕೊಡುವವರು ಹಳೆಯ ಹಂಚೊಂದನ್ನು ಮಾದರಿಗೆ ಒಯ್ಯಿರಿ. ಬೇರೆ ಕಾರ್ಖಾನೆಯ ಹಂಚಿನ ತೋಡು ಕೂಡಿಕೊಳ್ಳದೆ ಸಂದಿಯಲ್ಲಿ ನೀರು ಇಳಿಯುತ್ತದೆ. ಮೊದಲು ರೀಪು (ಹಂಚು ಕೂರುವ ಮರದ ಪಟ್ಟಿ) ತಟ್ಟಿ ನೋಡಿಸಿ. ಗೆದ್ದಲು ತಿಂದ ರೀಪಿನ ಮೇಲೆ ಹೊಸ ಹಂಚು ಹೊದೆಸಿದರೆ ದುಡ್ಡು ದಂಡ. ಹಂಚಿನ ಮೇಲೆ ನೇರವಾಗಿ ಕಾಲಿಡಬಾರದು, ಹಲಗೆ ಹಾಕಿಯೇ ಹತ್ತಲಿ.

ಇದಕ್ಕಿಂತ ದೊಡ್ಡ ಚಿಂತೆ ಹುಡುಗರದು. ಮದುವೆ ಸೀಸನ್ನಿನಲ್ಲಿ ಕ್ಯಾಟರಿಂಗ್‌ಗೆ ಬಡಿಸಲು ಹೋಗಿ ರಾತ್ರಿ ತಡವಾಗಿ ಬರುತ್ತಾರೆ, ಮರುದಿನ ಗೈರು. ಗದರಿಸಿದರೆ ಶಾಲೆಯನ್ನೇ ಬಿಡುತ್ತಾರೆ. ವಾಳೆಯ ಗುರಿಕಾರರು (ಚರ್ಚಿನ ವಾರ್ಡಿನ ಮುಖಂಡರು) ಮನೆಗೆ ಹೋಗಿ ಮಾತಾಡಿದರೆ ಹೆಚ್ಚು ಫಲ. ಬೇರೆ ಧರ್ಮದ ಮಕ್ಕಳ ಮನೆಗೂ ದಯವಿಟ್ಟು ಹೋಗಿ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಫೇಲಾದವನನ್ನು ಅದೇ ವಾರ ಹಿಡಿದು ಮುಂದಿನದಕ್ಕೆ ಹೆಸರು ಕಟ್ಟಿಸಿದರೆ ಹುಡುಗ ಉಳಿಯುತ್ತಾನೆ. ಗಣಿತದಲ್ಲಿ 20 ಆಂತರಿಕ ಅಂಕಗಳು, 80 ಲಿಖಿತ. ಸಂಜೆ ಪಾಠಕ್ಕೆ ಬರುವವರು ಲಿಖಿತದ ಸುಲಭ ಅಧ್ಯಾಯಗಳಿಂದಲೇ ಶುರು ಮಾಡಿ.

ಹಣ ಯಾರ ಕೈಗೂ ಬೇಡ. ಶಾಲೆಯ ಖಾತೆಗೆ ಹಾಕಿ, ಯಾವ ಕೆಲಸಕ್ಕೆಂದು ಬರೆದು, ಕಚೇರಿಯಿಂದ ರಸೀದಿ ಪಡೆಯಿರಿ. ಸಂಜೆ ಪಾಠಕ್ಕೆ ಸಿಗುವವರು ವಿಷಯ, ವಾರದ ದಿನ ಇಲ್ಲೇ ತಿಳಿಸಿ.