ಕಾರ್ಡ್ ಹಣ ಮರಳಿ ಕೇಳುವ ಅರ್ಜಿ ಶಾಖೆಯಲ್ಲೇ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಲು ಮರವೇರುವ ಕೊನೆಗಾರರು ಸಿಗದೆ ಪರದಾಡುವುದು ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರರಿಗೆ ಹೊಸತೇನಲ್ಲ. ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದಾದ, ಅಡಿಕೆ ಕೊನೆ ಇಳಿಸಬಹುದಾದ ಕಾರ್ಬನ್ ಫೈಬರ್ ದೋಟಿಗೆ, ಎಂದರೆ ಉದ್ದನೆಯ ಕೋಲಿಗೆ, ಈಚಿನ ವರ್ಷಗಳಲ್ಲಿ ಬೇಡಿಕೆ ಹೆಚ್ಚಿರುವುದು ಅದೇ ಕಾರಣಕ್ಕೆ. ಪೇಟೆಯ ಬೆಲೆ ನನ್ನ ಕೈಗೆ ಎಟುಕದ್ದರಿಂದ, ಮೊಬೈಲ್‌ನಲ್ಲಿ ಕಂಡ ಜಾಹೀರಾತೊಂದನ್ನು ನಂಬಿ, ವಿದೇಶಿ ಜಾಲತಾಣವೊಂದಕ್ಕೆ ಮೇ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ಮೂಲಕ 17,800 ರೂಪಾಯಿ ಕಟ್ಟಿದೆ. ಆಗಸ್ಟ್ ಮೊದಲ ವಾರ ಪೋಸ್ಟ್‌ಮ್ಯಾನ್ ತಂದುಕೊಟ್ಟ ಪೊಟ್ಟಣ ಒಂದು ಕೈಯಲ್ಲಿ ಹಿಡಿಯುವಷ್ಟಿತ್ತು. ಒಳಗಿದ್ದುದು ಎಳೆದರೆ ಎರಡು ಅಡಿ ಉದ್ದವಾಗುವ ಪ್ಲಾಸ್ಟಿಕ್ ಕೋಲು. ಅದರಿಂದ ಪೇರಲೆ ಹಣ್ಣು ಕೆಡವುವುದೂ ಕಷ್ಟ. ಹೊರಗೆ ಅಂಟಿಸಿದ್ದ ಚೀಟಿಯಲ್ಲಿ ತೂಕ 140 ಗ್ರಾಂ ಎಂದು ಅಚ್ಚಾಗಿತ್ತು.

ಮೋಸ ಹೋದೆನೆಂದು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ, ಮೋಸ ಹೋದವರು ಜಿಲ್ಲೆಯಲ್ಲಿ ಸಾಕಷ್ಟಿದ್ದಾರೆ. ಹಣ ಮರಳಿ ಪಡೆಯಲು ಒಂದು ದಾರಿ ಇದ್ದೂ ಅದನ್ನು ಹೇಳುವವರು ಊರಿನ ಬ್ಯಾಂಕ್ ಶಾಖೆಯಲ್ಲಿ ಇಲ್ಲದಿರುವುದೇ ನನ್ನ ದೂರು.

ಮಾರಾಟಗಾರನಿಗೆ ಬರೆದಾಗ ಬಹಳ ವಿನಯದ ಉತ್ತರ ಬಂತು. ಗೋದಾಮಿನಲ್ಲಿ ತಪ್ಪಾಗಿದೆ, ವಸ್ತುವನ್ನು ನೀವೇ ಇಟ್ಟುಕೊಳ್ಳಿ, ನೂರಕ್ಕೆ ಹದಿನೈದರಷ್ಟು ಹಣ ಹಿಂದಿರುಗಿಸುತ್ತೇವೆ ಎಂದರು. ಒಪ್ಪದಿದ್ದಾಗ ಅದು ಮೂವತ್ತಾಯಿತು. ಅದಕ್ಕೂ ಒಪ್ಪದಿದ್ದಾಗ, ನಿಮ್ಮ ಖರ್ಚಿನಲ್ಲಿ ಚೀನಾದ ಗೋದಾಮಿಗೆ ವಾಪಸ್ ಕಳುಹಿಸಿ, ಪರಿಶೀಲಿಸಿ ಪೂರ್ತಿ ಹಣ ಕೊಡುತ್ತೇವೆ ಎಂಬ ಮಾತು ಬಂತು. ಒಂದೊಂದು ಉತ್ತರಕ್ಕೂ ವಾರಗಟ್ಟಲೆ ಕಾಯಿಸುತ್ತಿದ್ದರು. ಅದು ಉದಾಸೀನವಲ್ಲ, ಲೆಕ್ಕಾಚಾರವೆಂದು ನನಗೆ ತಿಳಿದದ್ದು ಆಮೇಲೆ.

ಈ ನಡುವೆ ಬ್ಯಾಂಕ್ ಶಾಖೆಗೆ ಹೋಗಿದ್ದೆ. "ಓಟಿಪಿ ಹಾಕಿದ್ದು ನೀವೇ ಅಲ್ವಾ ಸಾರ್, ಇದರಲ್ಲಿ ನಾವು ಮಾಡುವುದು ಏನೂ ಇಲ್ಲ" ಎಂದು ಅಲ್ಲಿನವರು ಹೇಳಿ ಕಳುಹಿಸಿದರು. ಅವರ ಮನಸ್ಸಿನಲ್ಲಿದ್ದುದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇರಬೇಕು. ಗ್ರಾಹಕನ ತಪ್ಪಿಲ್ಲದೆ ಬೇರೆಯವರು ಅವನ ಖಾತೆಯಿಂದ ಹಣ ಎಳೆದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ಹೊಣೆಯಿಲ್ಲ ಎಂದು ಹೇಳುವ ಸುತ್ತೋಲೆ ಅದು. ನಾವೇ ಒಪ್ಪಿ ಕಟ್ಟಿದ ಹಣಕ್ಕೆ ಅದು ಅನ್ವಯಿಸುವುದಿಲ್ಲ, ನಿಜ. ಆದರೆ ಒಪ್ಪಿ ಕಟ್ಟಿದ ಹಣಕ್ಕೆ ತಕ್ಕ ವಸ್ತು ಬಾರದಿದ್ದಾಗ, ಅಥವಾ ಹೇಳಿದ ವಸ್ತುವಿನ ಬದಲು ಬೇರೊಂದು ಬಂದಾಗ, ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕವೇ ಮಾರಾಟಗಾರನ ಬ್ಯಾಂಕಿನಿಂದ ಹಣ ಹಿಂದಕ್ಕೆ ಕೇಳುವ ಚಾರ್ಜ್‌ಬ್ಯಾಕ್ ಎಂಬ ಬೇರೆಯದೇ ವ್ಯವಸ್ಥೆ ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿದೆ. ಇಂಥ ದೂರುಗಳಿಗೆ ಅವುಗಳ ಗಡುವು ಸಾಮಾನ್ಯವಾಗಿ 120 ದಿನ. ಮಾರಾಟಗಾರನ ಸಿಹಿ ಮಾತಿನ ಉದ್ದೇಶವೇ ಈ ದಿನಗಳನ್ನು ಕಳೆಯುವುದು.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಹೇಳದಿದ್ದರೆ ನನಗೂ ಇದು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಪೊಟ್ಟಣ ಬಂದು 80 ದಿನಗಳ ಮೇಲಾಗಿತ್ತು. ಅರ್ಜಿ ಬ್ಯಾಂಕಿನ ಜಾಲತಾಣದ ಯಾವುದೋ ಮೂಲೆಯಲ್ಲಿ, ಇಂಗ್ಲಿಷಿನಲ್ಲಿತ್ತು. ಜಾಹೀರಾತಿನ ಚಿತ್ರ, ಮಾರಾಟಗಾರನೊಂದಿಗಿನ ಪತ್ರವ್ಯವಹಾರ, ಬಂದ ಕೋಲಿನ ಫೋಟೊ ಎಲ್ಲವನ್ನೂ ಲಗತ್ತಿಸಿದೆವು. ಕೊನೆಗೆ ಕೆಲಸಕ್ಕೆ ಬಂದದ್ದು, ಎಸೆಯದೆ ಅಟ್ಟದ ಮೇಲಿಟ್ಟಿದ್ದ ಆ ಹೊರಚೀಟಿ. ಮೂವತ್ತೈದು ಅಡಿ ಉದ್ದದ ದೋಟಿ 140 ಗ್ರಾಂ ತೂಗಲು ಸಾಧ್ಯವಿಲ್ಲವೆಂದು ಹೇಳಲು ಯಾವ ತಜ್ಞನೂ ಬೇಕಿರಲಿಲ್ಲ. ಎರಡು ತಿಂಗಳ ನಂತರ ಪೂರ್ತಿ ಹಣ ಕಾರ್ಡಿಗೆ ಮರಳಿತು.

ನಮ್ಮ ಪಕ್ಕದ ತೋಟದವರಿಗೆ ಆ ಅದೃಷ್ಟವಿರಲಿಲ್ಲ. ಇಂಥದೇ ದೋಟಿಗೆ ಅವರು ಹಣ ಕಟ್ಟಿದ್ದು, ವಿದೇಶಿ ಕಂಪನಿಯ ಇಲ್ಲಿನ ಪ್ರತಿನಿಧಿ ಎಂದು ಹೇಳಿಕೊಂಡವನ ಖಾತೆಗೆ, ಯುಪಿಐ ಮೂಲಕ. ಹೀಗೆ ವ್ಯಕ್ತಿಯ ಖಾತೆಗೆ ನೇರವಾಗಿ ಹಾಕಿದ ಹಣ ಕೈಯಲ್ಲಿ ಎಣಿಸಿಕೊಟ್ಟ ನೋಟಿನಂತೆ; ಅದಕ್ಕೆ ಚಾರ್ಜ್‌ಬ್ಯಾಕಿನ ರಕ್ಷಣೆ ಇಲ್ಲ. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ ಹಣ ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತಿತ್ತು, ಅವರು ಮೂರು ವಾರ ಪಾರ್ಸಲಿಗೆ ಕಾದರು. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ ಕಟ್ಟುವವರಿಗೆ ದೂರು ತೆರೆಯಲು ಹಣ ಕಟ್ಟಿದ ದಿನದಿಂದ 180 ದಿನಗಳ ಅವಕಾಶವಿದೆ. ಅಂದರೆ ಗಡಿಯಾಚೆಯ ಮಾರಾಟಗಾರನೊಂದಿಗೆ ವ್ಯವಹರಿಸುವಾಗ ನಮ್ಮನ್ನು ಕಾಯುವುದು, ಬಹುಮಟ್ಟಿಗೆ, ಹಣ ಹೋದ ದಾರಿ.

ಕಾನೂನು ಇಲ್ಲವೆಂದಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಬಂದ 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಎಂದರೆ ಶಿವಮೊಗ್ಗದಲ್ಲೇ, ಮೊಕದ್ದಮೆ ಹೂಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ವಿಳಾಸವೇ ಇಲ್ಲದ, ನಾಳೆ ಬೇರೆ ಹೆಸರಿನಲ್ಲಿ ತೆರೆದುಕೊಳ್ಳುವ ಅಂಗಡಿಗೆ ನೋಟಿಸ್ ತಲುಪಿಸುವುದು ಯಾರು? ಬ್ಯಾಂಕಿನ ವಿಷಯ ಹಾಗಲ್ಲ. ಅದರ ಬಾಗಿಲು ನಮ್ಮೂರಿನಲ್ಲೇ ಇದೆ, ಅದು ದೂರಿಗೆ 30 ದಿನಗಳೊಳಗೆ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು.

ಹೊಸ ಕಾರ್ಡಿನಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಇರಬೇಕು, ಗ್ರಾಹಕ ಬೇಕೆಂದರೆ ಮಾತ್ರ ತೆರೆಯಬೇಕು ಎಂದು ರಿಸರ್ವ್ ಬ್ಯಾಂಕ್ 2020ರಲ್ಲಿ ಹೇಳಿತು. ಒಳ್ಳೆಯ ನಿಯಮ. ನಾನು ಅದನ್ನು ತೆರೆಸಿದ ದಿನ ಬ್ಯಾಂಕಿನಿಂದ ಮೂರು ಸಂದೇಶ ಬಂದವು, ಅವುಗಳಲ್ಲಿ ಒಂದು ಸಾಲದ ಜಾಹೀರಾತು. ವಸ್ತು ಬಾರದಿದ್ದರೆ ಇಷ್ಟು ದಿನಗಳೊಳಗೆ ಇಂಥಲ್ಲಿ ಅರ್ಜಿ ಕೊಡಿ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಆ ಸಾಲನ್ನು ಕನ್ನಡದಲ್ಲಿ, ವಿದೇಶಿ ವಹಿವಾಟು ತೆರೆದ ಕ್ಷಣದಲ್ಲೇ ಕಳುಹಿಸಬೇಕು. ಚಾರ್ಜ್‌ಬ್ಯಾಕ್ ಅರ್ಜಿಯ ಕನ್ನಡ ಪ್ರತಿ ಪ್ರತಿಯೊಂದು ಶಾಖೆಯಲ್ಲಿ, ಹಣ ಕಟ್ಟುವ ಚಲನ್‌ಗಳ ಪಕ್ಕದಲ್ಲೇ ಇರಬೇಕು ಮತ್ತು ಅರ್ಜಿ ಪಡೆದ ದಿನಾಂಕಕ್ಕೆ ಸ್ವೀಕೃತಿ ಕೊಡಬೇಕು. ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ತನ್ನ ಸಭೆಯಲ್ಲಿ ಇದನ್ನು ಎತ್ತಿಕೊಂಡು, ಮುಂದಿನ ಮೇ ತಿಂಗಳ ದೋಟಿ ಜಾಹೀರಾತುಗಳು ಶುರುವಾಗುವ ಮೊದಲೇ ಜಾರಿಗೆ ತರಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು