ಈ ಋತುವಿನಿಂದ ಕಾನ್ಹಾ ಸಫಾರಿಯ ಆಸನ ಮತ್ತು ದರದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ವಂದನೆಗಳು.

ಮಳೆಗಾಲದ ಮೂರು ತಿಂಗಳ ರಜೆ ಮುಗಿದು ಅಕ್ಟೋಬರ್ 1ರಂದು ಮಧ್ಯಪ್ರದೇಶದ ಕಾನ್ಹಾ ಹುಲಿ ಸಂರಕ್ಷಿತ ಪ್ರದೇಶ ಮತ್ತೆ ತೆರೆಯಲಿದೆ. ಅಂದಿನಿಂದ ನಮ್ಮ ಛಾಯಾಗ್ರಹಣ ಸಫಾರಿಯ ಪ್ರತಿ ಜಿಪ್ಸಿಯಲ್ಲಿ (ತೆರೆದ ಸಫಾರಿ ಜೀಪಿನಲ್ಲಿ) ಐವರ ಬದಲು ಮೂವರು ಗ್ರಾಹಕರಷ್ಟೇ ಇರುತ್ತಾರೆ. ಜೊತೆಗೆ ಎಂದಿನಂತೆ ನಮ್ಮ ಒಬ್ಬ ಛಾಯಾಗ್ರಾಹಕರು ಇರುತ್ತಾರೆ. ನಾಲ್ಕು ರಾತ್ರಿ ಮತ್ತು ಆರು ಸಫಾರಿಗಳ ಪ್ರವಾಸದ ದರ, ವಿಮಾನದ ವೆಚ್ಚ ಬಿಟ್ಟು, ತಲಾ 46,000 ರೂಪಾಯಿಯಿಂದ 55,500 ರೂಪಾಯಿಗೆ ಏರುತ್ತದೆ. ಈ ವಿಷಯ ನಮ್ಮಿಂದಲೇ ನಿಮಗೆ ಮೊದಲು ತಿಳಿಯಬೇಕಿತ್ತು. ಕೆಲವು ಹಳೆಯ ಗ್ರಾಹಕರಿಗೆ ಅದು ಬೇರೆಯವರ ಬಾಯಿಂದ ತಿಳಿಯಿತು ಎಂಬುದು ನಮಗೆ ಗೊತ್ತಾಗಿದೆ. ಅವರೆಲ್ಲರ ಕ್ಷಮೆ ಕೋರುತ್ತೇವೆ.

ಬದಲಾವಣೆಯ ಮೂಲ ಏಪ್ರಿಲ್ ತಿಂಗಳ ತಂಡದ ಅನುಭವದಲ್ಲಿದೆ. ಕಾನ್ಹಾದ ಮುಕ್ಕಿ ವಲಯದಲ್ಲಿ ಒಂದು ಹೆಣ್ಣುಹುಲಿ ಸಾಲ್ ಮರಗಳ ನೆರಳಿನಿಂದ ದಾರಿಗೆ ಇಳಿದು ನಮ್ಮ ವಾಹನದ ಎಡಬದಿಯಲ್ಲೇ ನಡೆದು ಹೋಯಿತು. ಬೆಳಕು ಇನ್ನೂ ಮಂದವಾಗಿತ್ತು. ಎಂಜಿನ್ ಆರಿಸಿದ್ದರೂ ಆರು ಜನ ಕುಳಿತ ಜಿಪ್ಸಿಯಲ್ಲಿ ಒಬ್ಬರು ಮೊಣಕಾಲು ಸರಿಸಿದರೆ ಉಳಿದವರ ಚಿತ್ರವೂ ಅಲುಗುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗದ ನಿಧಾನ ಶಟರ್ ವೇಗದಲ್ಲಿ 500 ಎಂಎಂನ ಉದ್ದ ಲೆನ್ಸ್ ಹಿಡಿದವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ನಡುವಿನ ಆಸನದಲ್ಲಿದ್ದ ಇಬ್ಬರಿಗೆ ಪಕ್ಕದವರ ಭುಜವಲ್ಲದೆ ಬೇರೇನೂ ಸಿಗಲಿಲ್ಲ. ಛಾಯಾಗ್ರಹಣಕ್ಕೆಂದೇ ಕರೆದೊಯ್ದು ಛಾಯಾಚಿತ್ರ ತೆಗೆಯಲಾಗದ ಜಾಗದಲ್ಲಿ ಕೂರಿಸಿದ್ದು ನಮ್ಮ ತಪ್ಪು. ಆ ಇಬ್ಬರಿಗೂ ಮುಂದಿನ ಪ್ರವಾಸವನ್ನು ಹಳೆಯ ದರದಲ್ಲಿ ಅರ್ಧಕ್ಕೆ ಇಳಿಸಿ ಕೊಟ್ಟಿದ್ದೇವೆ. ಇನ್ನು ಮುಂದೆ ಒಂದು ಸಾಲಿನಲ್ಲಿ ಇಬ್ಬರೇ ಕೂರುವುದರಿಂದ ಎಲ್ಲರಿಗೂ ಒಂದೊಂದು ಬದಿ ಮತ್ತು ಲೆನ್ಸಿಗೆ ಆಸರೆಯಾಗುವ ಬೀನ್ ಬ್ಯಾಗ್ ಇಡಲು ಸ್ವಂತ ಜಾಗ ಇರುತ್ತದೆ.

ಈಗ ಕಳೆದ ಎರಡು ಋತುಗಳಲ್ಲಿ ನಾವು ಪದೇ ಪದೇ ಕೇಳಿದ ಒಂದು ಮಾತಿಗೆ ಉತ್ತರಿಸಬೇಕಾಗಿದೆ. "ಸಫಾರಿಯ ಶುಲ್ಕ ಸರ್ಕಾರದ ಜಾಲತಾಣದಲ್ಲೇ ಇದೆಯಲ್ಲ, ಅದಕ್ಕೂ ನಿಮ್ಮ ದರಕ್ಕೂ ಇಷ್ಟೊಂದು ಅಂತರ ಏಕೆ?" ಎಂಬುದು ಆ ಮಾತು. ಕೆಲವರು ಮೃದುವಾಗಿ ಕೇಳಿದ್ದಾರೆ, ಕೆಲವರು ನಾವು ನಡುವೆ ನಿಂತು ಹಣ ಮಾಡುತ್ತಿದ್ದೇವೆ ಎಂದೇ ಹೇಳಿದ್ದಾರೆ. ಆ ಎರಡನೆಯ ಮಾತು ನಮ್ಮನ್ನು ನೋಯಿಸಿದೆ.

ಜಾಲತಾಣದಲ್ಲಿ ಕಾಣುವುದು ಪ್ರವೇಶದ ಪರವಾನಗಿಯ ಮೊತ್ತ ಮಾತ್ರ. ಜಿಪ್ಸಿಯ ಬಾಡಿಗೆ ಬೇರೆ, ಸ್ಥಳೀಯ ಗೈಡ್ ಶುಲ್ಕ ಬೇರೆ. ಗೈಡ್ ಇಲ್ಲದೆ ಯಾವ ವಾಹನವೂ ಗೇಟು ದಾಟುವಂತಿಲ್ಲ, ಅದು ಸರಿಯಾದ ನಿಯಮವೂ ಹೌದು. ಕಡವೆಯ ಒಂದು ಕೂಗಿನಿಂದ ಹುಲಿ ಯಾವ ದಿಕ್ಕಿಗೆ ಹೊರಳಿತು ಎಂದು ಹೇಳುವ ಸುತ್ತಲಿನ ಹಳ್ಳಿಗಳ ಆ ಜನರ ದುಡಿಮೆಯಲ್ಲಿ ನಾವು ಚೌಕಾಸಿ ಮಾಡುವುದಿಲ್ಲ. ಈ ಮೂರೂ ಖರ್ಚುಗಳು ನಮಗೆ ಬೀಳುವುದು ಇಡೀ ವಾಹನದ ಲೆಕ್ಕದಲ್ಲಿ. ಆರು ಆಸನಗಳ ಪರವಾನಗಿ ಪಡೆದು ನಾಲ್ವರೇ ಕುಳಿತರೂ ಹಣ ಆರು ಆಸನಗಳದ್ದೇ. ಐವರು ಹಂಚಿಕೊಳ್ಳುತ್ತಿದ್ದುದನ್ನು ಮೂವರು ಹಂಚಿಕೊಂಡಾಗ ಒಬ್ಬೊಬ್ಬರ ಪಾಲು ಮೊದಲಿನದಕ್ಕಿಂತ ಮೂರನೇ ಎರಡರಷ್ಟು ಹೆಚ್ಚುತ್ತದೆ. ಜೊತೆಗೆ ಬರುವ ನಮ್ಮ ಛಾಯಾಗ್ರಾಹಕರ ಪ್ರಯಾಣ, ಊಟ, ವಸತಿಯ ಖರ್ಚೂ ಹಾಗೆಯೇ. ನಾಗಪುರದಿಂದ ಮುಕ್ಕಿಗೆ ಐದಾರು ಗಂಟೆಯ ದಾರಿ. ನಿಮ್ಮನ್ನು ಇಳಿಸಿ ಬರಿದೇ ಹಿಂದಿರುಗುವ ಕಾರಿನ ಡೀಸೆಲ್ ಹಣವನ್ನೂ ನಾವೇ ಕೊಡುತ್ತೇವೆ. ಮೈಸೂರಿನಿಂದ ಬೆಳಗ್ಗೆ ಹೊರಟು ಕಬಿನಿ ಮುಟ್ಟುವ ಲೆಕ್ಕವನ್ನು ಅಲ್ಲಿಗೆ ಅನ್ವಯಿಸಲಾಗದು. ಇಷ್ಟೆಲ್ಲ ಕೂಡಿಸಿದರೆ ಏರಬೇಕಾದ ದರ 9,500 ರೂಪಾಯಿಗಿಂತ ಹೆಚ್ಚು. ಆ ವ್ಯತ್ಯಾಸವನ್ನು ಈ ಋತುವಿನ ಮಟ್ಟಿಗೆ ನಮ್ಮ ಸಂಭಾವನೆಯಲ್ಲಿ ಕಡಿಮೆ ಮಾಡಿಕೊಂಡಿದ್ದೇವೆ.

ರದ್ದತಿಯ ಬಗ್ಗೆಯೂ ಒಂದು ಮಾತು. ಪರವಾನಗಿ ನಿಮ್ಮ ಹೆಸರಿನಲ್ಲಿ, ನಿಮ್ಮ ಗುರುತಿನ ಚೀಟಿಯ ಸಂಖ್ಯೆಯೊಂದಿಗೆ ಇರುತ್ತದೆ. ಗೇಟಿನಲ್ಲಿ ಎರಡನ್ನೂ ತಾಳೆ ನೋಡುತ್ತಾರೆ. ಹಾಗಾಗಿ ಕೊನೆಯ ವಾರದಲ್ಲಿ ನಿಮ್ಮ ಬದಲು ತಮ್ಮನನ್ನೋ ಗೆಳೆಯರನ್ನೋ ಕಳುಹಿಸಲು ಸಾಧ್ಯವಾಗುವುದಿಲ್ಲ. ಪ್ರವಾಸ ರದ್ದು ಮಾಡಿದವರಿಗೆ ನಮ್ಮ ಸಂಭಾವನೆಯನ್ನು ಪೂರ್ತಿ ಹಿಂದಿರುಗಿಸಿದ್ದೇವೆ, ಮುಂದೆಯೂ ಹಿಂದಿರುಗಿಸುತ್ತೇವೆ. ಆದರೆ ಕಟ್ಟಿಯಾದ ಪರವಾನಗಿಯ ಹಣ ನಮ್ಮ ಕೈಯಲ್ಲಿ ಉಳಿದಿರುವುದಿಲ್ಲ. ಬುಧವಾರ ಮಧ್ಯಾಹ್ನ ಕಾನ್ಹಾದಲ್ಲಿ ಸಫಾರಿ ಇರುವುದಿಲ್ಲವಾದ್ದರಿಂದ ನಮ್ಮ ಎಲ್ಲ ಪ್ರವಾಸಗಳೂ ಇನ್ನು ಗುರುವಾರವೇ ಆರಂಭವಾಗುತ್ತವೆ.

ಎರಡನೆಯ ಬದಲಾವಣೆ ಮೊಬೈಲಿಗೆ ಸಂಬಂಧಿಸಿದ್ದು. ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ (ಒಳಗಿನ) ವಲಯದ ಪ್ರವಾಸಿ ಭಾಗದಲ್ಲಿ ಮೊಬೈಲ್ ಬಳಕೆಗೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ನಿರ್ದೇಶನ ನೀಡಿದೆ. ನಿಮ್ಮ ಫೋನುಗಳು ವಸತಿಯಲ್ಲೇ ಉಳಿಯುತ್ತವೆ. ಫೋನಿನಲ್ಲಷ್ಟೇ ಚಿತ್ರ ತೆಗೆಯುತ್ತಿದ್ದ ಗ್ರಾಹಕರಿಗಾಗಿ ಜೂಮ್ ಲೆನ್ಸಿನ ಎರಡು ಸಣ್ಣ ಕ್ಯಾಮೆರಾಗಳನ್ನು ಕೊಂಡಿದ್ದೇವೆ. ಅವಕ್ಕೆ ಬಾಡಿಗೆ ಇಲ್ಲ. ಮನೆಯವರು ಗಾಬರಿಯಾಗದಂತೆ ವಸತಿಯ ದೂರವಾಣಿ ಸಂಖ್ಯೆಯನ್ನು ಹೊರಡುವ ಮೊದಲೇ ಅವರಿಗೆ ತಲುಪಿಸುತ್ತೇವೆ. ಈ ನಿಯಮವನ್ನು ನಾವು ಮನಃಪೂರ್ವಕ ಒಪ್ಪುತ್ತೇವೆ, ಏಕೆಂದರೆ ಹುಲಿ ಕಂಡ ಸುದ್ದಿ ಹಬ್ಬಿದೊಡನೆ ಹತ್ತಾರು ಜಿಪ್ಸಿಗಳು ಒಂದೇ ತಿರುವಿಗೆ ಧಾವಿಸಿ ಒಂದು ಪ್ರಾಣಿಯ ದಾರಿಯನ್ನು ಎರಡೂ ಕಡೆಯಿಂದ ಕಟ್ಟುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲವು ಸಲ ಆ ಸಾಲಿನಲ್ಲಿ ನಮ್ಮ ವಾಹನವೂ ಇತ್ತು.

ಹುಲಿಯ ಖಾತರಿಯನ್ನು ನಾವು ಎಂದೂ ಕೊಟ್ಟಿಲ್ಲ, ದರ ಏರಿತೆಂದು ಈಗಲೂ ಕೊಡಲಾರೆವು. ನಮ್ಮ ಕೈಯಲ್ಲಿರುವುದು ನಿಮ್ಮ ಆಸನ, ನಿಮ್ಮ ಎದುರಿನ ಬೆಳಕು, ಕಾಯುವ ತಾಳ್ಮೆ. ಡಿಸೆಂಬರ್, ಜನವರಿಯ ತಂಡಗಳಿಗೆ ಒಂದು ಬೆಳಗನ್ನು ಪೂರ್ತಿಯಾಗಿ ಬಾರಾಸಿಂಗಾಗಳಿಗೆ ಮೀಸಲಿಡುತ್ತಿದ್ದೇವೆ. 1970ರಲ್ಲಿ 66ಕ್ಕೆ ಇಳಿದಿದ್ದ ಈ ಜಿಂಕೆಗಳು ಕಾನ್ಹಾದ ಹುಲ್ಲುಗಾವಲುಗಳಲ್ಲಿ ಮತ್ತೆ ತುಂಬಿಕೊಂಡಿವೆ. ಬೆದೆಯ ಕಾಲದಲ್ಲಿ ಗಂಡುಗಳು ಕೊಂಬಿಗೆ ಹುಲ್ಲು ಸಿಕ್ಕಿಸಿಕೊಂಡು ಮಂಜಿನಲ್ಲಿ ನಿಂತು ಕೂಗುವ ಚಿತ್ರ ಹುಲಿಯ ಚಿತ್ರಕ್ಕಿಂತ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಆ ಬೆಳಗುಗಳಲ್ಲಿ ಚಳಿ ತೀವ್ರವಾಗಿರುತ್ತದೆ, ಕೈಗವಸು ಮರೆಯಬೇಡಿ. ಕಂಬಳಿ ಮತ್ತು ಬಿಸಿನೀರಿನ ಚೀಲಗಳನ್ನು ನಾವು ತರುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ, ಆಸನ ಮಾತ್ರ ಹೊಸ ವ್ಯವಸ್ಥೆಯದು. ಆದರೂ ಹಿಂದೆ ಸರಿಯಬೇಕೆನ್ನುವವರು ಆಗಸ್ಟ್ 20ರೊಳಗೆ ತಿಳಿಸಿದರೆ, ಅಲ್ಲಿಯವರೆಗೆ ನಿಮ್ಮ ಹೆಸರಿನಲ್ಲಿ ಪರವಾನಗಿ ಪಡೆಯದೆ ಕಾಯುತ್ತೇವೆ ಮತ್ತು ಕೊಟ್ಟ ಹಣವನ್ನು ಪೂರ್ತಿ ಮರಳಿಸುತ್ತೇವೆ. ಲೆಕ್ಕದ ಬಗ್ಗೆ ಇನ್ನೂ ಸಂಶಯವಿದ್ದರೆ ಕಚೇರಿಗೆ ಬನ್ನಿ, ಹಿಂದಿನ ಪ್ರವಾಸದ ರಸೀದಿಗಳ ಕಡತವನ್ನು ನಿಮ್ಮ ಮುಂದೆಯೇ ತೆರೆದಿಡುತ್ತೇವೆ. ಶನಿವಾರ ಸಂಜೆ ನಾವಿಬ್ಬರೂ ಅಲ್ಲೇ ಇರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಪಾಲುದಾರರಿಬ್ಬರು
ಮೈಸೂರು