ಸಾಹೇಬ್ರ, ಮೊದಲು ನಾಲಾ ಅಳೆಸಿರಿ

ನಮ್ಮ ವಾರ್ಡಿನ ಮಾನ್ಯ ಸದಸ್ಯರಿಗೆ, ಹುಬ್ಬಳ್ಳಿಯ ತಗ್ಗಿನ ಓಣಿಯ ಟೇಲರ್ ಒಬ್ಬಳ ನಮಸ್ಕಾರ.

ಚುನಾವಣೆಗೆ ಮೊದಲು ನಿಮ್ಮನ್ನು ಅಣ್ಣಾ ಅಂತ ಕರೆಯುತ್ತಿದ್ದೆ. ನೀವೂ "ಏನ್ ತಂಗಿ, ಆರಾಮ?" ಅಂತ ನಮ್ಮ ಕಟ್ಟೆ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದಿರಿ. ನಾಲ್ಕು ಮಳೆಗಾಲ ಕಳೆದವು, ಒಂಬತ್ತು ಅರ್ಜಿ ಕೊಟ್ಟೆ. ಈಗ ಅಣ್ಣಾ ಅನ್ನಲು ಬಾಯಿ ಬರುತ್ತಿಲ್ಲ. ಅದಕ್ಕೇ ಸಾಹೇಬ್ರ.

ಕೇಳುತ್ತಿರುವುದು ಒಂದೇ. ನಮ್ಮ ಮನೆ ಹಿಂದಿನ ನಾಲಾ ಅಳೆಸಿರಿ. ಸರ್ವೇದವರನ್ನು ಕರೆಸಿ, ಹಳೆಯ ನಕಾಶೆ ಹಿಡಿದು ಅಳೆಸಿ, ಎರಡೂ ಕಡೆ ಕಲ್ಲು ನೆಡಿಸಿರಿ.

ಹೋದ ಮಳೆಗಾಲದ ಆ ರಾತ್ರಿ ನಿಮಗೆ ನೆನಪಿರಬಹುದು, ಯಾಕೆಂದರೆ ಫೋಟೋ ಇವೆ. ಬಾಗಿಲಿಂದ ಬರುವ ನೀರಿಗೆ ಉಸುಕಿನ ಚೀಲ ಇಡಬಹುದು. ಇಟ್ಟಿದ್ದೆವು. ಆದರೆ ನೀರು ಬಂದಿದ್ದು ಬಚ್ಚಲ ತೂತಿನಿಂದ. ಆಮೇಲೆ ಪಡಸಾಲೆಯ ಫರ್ಸಿ ಸಂದಿಯಿಂದ ಸಣ್ಣಗೆ ಜಿನುಗತೊಡಗಿತು. ಒರೆಸಿದಷ್ಟೂ ಬಂತು. ಒಂದು ತಾಸಿನಲ್ಲಿ ಮೊಳಕಾಲು. ಖಾಲಿ ಸಿಲಿಂಡರ್ ತೇಲಿ ಬಂದು ಅಡುಗೆಮನೆ ಬಾಗಿಲಿಗೆ ಢಣ್ ಢಣ್ ಬಡಿಯುತ್ತಿತ್ತು. ಕಣ್ಣು ಕಾಣದ ನಮ್ಮ ಅತ್ತೆ ಮಂಚದ ಮೇಲಿಂದ "ಯಾರ್ರೀ ಅದು, ಒಳಗ ಬರ್ರಿ" ಅಂದರು.

ಕಟಿಂಗ್ ಟೇಬಲ್ ಕೆಳಗೆ ಮದುವೆ ಮನೆಯವರ 14 ಜಂಪರ್ ಗಂಟು ಇತ್ತು. ಅದರಲ್ಲಿದ್ದ ಒಂದು ಕೆಂಪು ಖಣ ಬಣ್ಣ ಬಿಟ್ಟು ಉಳಿದ ಹದಿಮೂರನ್ನೂ ಕೆಡಿಸಿತು. ಮೂರು ಸಲ ಒಗೆದೆ. ಚರಂಡಿ ವಾಸನೆ ಹೋಗಲಿಲ್ಲ. ಆ ತಾಯಿ ಬಂದು ಒಂದರ ತೋಳು ಹಿಡಿದು ಮೂಸಿ ನೋಡಿದಳು, ಸುಮ್ನೆ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆಯ ಹಣ ಕೈಯಿಂದ ಕೊಟ್ಟೆ. ಮಷಿನ್ ಮೋಟಾರು ಸುಟ್ಟಿದ್ದು ಬೇರೆ. ಎರಡು ತಿಂಗಳು ಕಾಲಲ್ಲಿ ತುಳಿದು ಹೊಲಿದೆ.

ಮರುದಿನ ನೀವು ಬಂದಿರಿ. ಪ್ಯಾಂಟ್ ಮಡಚಿಕೊಂಡು ನಮ್ಮ ಅಂಗಳದಲ್ಲಿ ನಿಂತು ಹೇಳಿದಿರಿ: "ಇದೇನ್ ದೊಡ್ಡದಲ್ಲ ಬಿಡ್ರಿ. ಕರಾವಳಿ ಕಡೆ ಹೋಗಿ ನೋಡ್ರಿ, ಅಲ್ಲಿ ಹೆಂಗದ ಅಂತ."

ನೋಡಿದ್ದೇನೆ ಸಾಹೇಬ್ರ. ನಮ್ಮಕ್ಕನನ್ನು ಕೊಟ್ಟಿದ್ದೇ ಅಂಕೋಲಾ ತಾಲೂಕಿನ ಗಂಗಾವಳಿ ದಂಡೆಯ ಊರಿಗೆ. ನಮ್ಮ ಹುಬ್ಬಳ್ಳಿ ಕಡೆಯ ಬೇಡ್ತಿ, ಧಾರವಾಡದ ಶಾಲ್ಮಲೆ ಎರಡೂ ಕಲಘಟಗಿ ಹತ್ತಿರ ಕೂಡಿ, ಘಟ್ಟ ಇಳಿದು, ಗಂಗಾವಳಿ ಅನ್ನಿಸಿಕೊಂಡು ಅಲ್ಲೇ ಸಮುದ್ರ ಸೇರುವುದು. "ನೀವು ಬಿಟ್ಟ ನೀರು ನಮ್ಮನೆಗೆ ಬಂತು ನೋಡೇ" ಅಂತ ಅಕ್ಕ ನಗುತ್ತಾಳೆ. 2019ರಲ್ಲಿ ನಗಲಿಲ್ಲ. 2021ರಲ್ಲೂ ಇಲ್ಲ. ಆ ಎರಡೂ ವರ್ಷ ಗಂಗಾವಳಿ ಊರೊಳಗೇ ಬಂದಿತ್ತು.

ಅಲ್ಲಿನ ಕಥೆಯೇ ಬೇರೆ. ಅಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ, ನಮ್ಮಲ್ಲಿ 800ರ ಆಸುಪಾಸು. ಉಸುಕು ನೆಲ. ಮಳೆಗಾಲದಲ್ಲಿ ಅಕ್ಕನ ಬಾವಿಯ ನೀರನ್ನು ಬಗ್ಗಿ ಚೊಂಬಿನಲ್ಲಿ ಮೊಗೆಯಬಹುದು. ನೆಲದೊಳಗೇ ಜಾಗ ಇಲ್ಲದ ಮೇಲೆ ಮೇಲಿನ ಮಳೆ ಎಲ್ಲಿಗೆ ಇಂಗಬೇಕು? ನದಿ ತುಂಬಿದಾಗಲೇ ಸಮುದ್ರ ಭರತಿ ಬಂದರೆ ನೀರು ಮುಂದೆ ಹೋಗದೆ ಹಿಂದಕ್ಕೆ ಒತ್ತುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಭರತಿ ಜಾಸ್ತಿ. ಆಗ ಜೋರು ಮಳೆ ಹಿಡಿದರೆ ಅಕ್ಕ ರಾತ್ರಿ ಮಲಗುವುದಿಲ್ಲ.

ಬೇಸಿಗೆಯಲ್ಲಿ ಅದೇ ಬಾವಿ ಉಪ್ಪು. ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದಂತೆ. ಮೇಲೆ 1 ಅಡಿ ಇಳಿದರೆ ಕೆಳಗಿನ ಉಪ್ಪು ಸುಮಾರು 40 ಅಡಿ ಏರುತ್ತದೆ ಅಂತ ಅವಳ ಮಗ, ಕಾಲೇಜಿಗೆ ಹೋಗುವವನು, ಲೆಕ್ಕ ಹೇಳಿದ. ಹಾಗಾಗಿ ಅಲ್ಲಿ ಪಂಪು ಹಾಕಿ ಎಳೆಯಲು ಜನ ಹೆದರುತ್ತಾರೆ.

ಅವರಿಗೆ ಅಡ್ಡ ಸಮುದ್ರವೇ ಇದೆ. ನಮಗೆ ಏನಿದೆ? ಸಮುದ್ರಕ್ಕಿಂತ 2000 ಅಡಿ ಎತ್ತರದಲ್ಲಿ ಕೂತು ನಾನು ಬಕೆಟ್ಟಿನಲ್ಲಿ ನೀರು ಚೆಲ್ಲುತ್ತಿದ್ದೇನೆ. ನಮಗೆ ಅಡ್ಡ ಇರುವುದು ನಾಲಾ ಒತ್ತಿ ಕಟ್ಟಿದ ಒಂದು ಕಟ್ಟಡದ ಗೋಡೆ. ಯಾವ ಗೋಡೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದರ ಪೂಜೆಗೆ ನೀವೂ ಬಂದಿದ್ದಿರಿ, ಪೇಢೆ ನಮಗೂ ಬಂದಿತ್ತು.

ನನ್ನ ಕಸುಬೇ ಅಳತೆ. ಮಗನನ್ನು ಆಚೆ ದಂಡೆಗೆ ನಿಲ್ಲಿಸಿ ಬೇಸಿಗೆಯಲ್ಲಿ ನಾನೇ ಟೇಪು ಹಿಡಿದೆ. ಮೇಲಿನ ಸೇತುವೆ ಹತ್ತಿರ ನಾಲಾ 22 ಅಡಿ. ಆ ಕಟ್ಟಡದ ಹಿಂದೆ 11. ಮೂವತ್ತಾರು ಇಂಚಿನ ಎದೆಗೆ ಹದಿನೆಂಟು ಇಂಚಿನ ಜಂಪರ್ ಹೊಲಿದು ಕೊಟ್ಟರೆ ಗಿರಾಕಿ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ಅಷ್ಟೇ ಆಗಿದ್ದರೂ ಆಗುತ್ತಿತ್ತು. ಆ ಕಟ್ಟಡಕ್ಕೆ ಕೆಳಗೆ ಪಾರ್ಕಿಂಗ್ ಅಂತ ಅಗೆದಿದ್ದಾರೆ. ನಮ್ಮದು ಎರೆಮಣ್ಣು, ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಹಾಗಾಗಿ ಆ ಗುಂಡಿಗೆ ಸುತ್ತಲಿನ ನೀರು ನಿಧಾನಕ್ಕೆ ಬಸಿಯುತ್ತಲೇ ಇರುತ್ತದೆ. ಮಳೆಗಾಲವಿಡೀ ಹಗಲೂ ರಾತ್ರಿ ಮೋಟಾರು ಹಚ್ಚಿ ಅದನ್ನು ನಮ್ಮ ಗಟಾರಕ್ಕೆ ಬಿಡುತ್ತಾರೆ. ಗಟಾರ ತುಂಬಿ ನಮ್ಮ ಬಚ್ಚಲಿಗೆ. ಬೇಸಿಗೆ ಬಂತೆಂದರೆ ಅದೇ ಕಟ್ಟಡದವರು 600 ಅಡಿ ಬೋರು ಹೊಡೆಸುತ್ತಾರೆ. ಮೇಲಿನ ನೀರು ಚೆಲ್ಲಲು ಒಂದು ಪಂಪು, ಕೆಳಗಿನದು ಎಳೆಯಲು ಇನ್ನೊಂದು. ನಮ್ಮ ಓಣಿಯ ಹಳೆಯ ಬೋರಿನಲ್ಲಿ ಈಗ ಬರುವುದು ಸವಳು ನೀರು, ಅದೂ ಅರ್ಧ ತಾಸು.

ಹೂಳು ತೆಗೆಸಿದ್ದೀರಿ, ಇಲ್ಲ ಅನ್ನುವುದಿಲ್ಲ. ಜೂನಿನಲ್ಲಿ, ಮಳೆ ಶುರುವಾದ ಮೇಲೆ. ಜೆಸಿಬಿ ತೆಗೆದ ಹೂಳನ್ನು ದಂಡೆ ಮೇಲೇ ಸುರಿಯಿತು. ನಾಲ್ಕನೇ ದಿನ ಅದು ತಾನಾಗಿಯೇ ವಾಪಸ್ ಒಳಗೆ ಹೋಯಿತು. ಬಿಲ್ಲು ಮಾತ್ರ ಮುಂದೆ ಹೋಗಿರಬೇಕು.

ಕಾಯ್ದೆ ನಾನು ಹೇಳಬೇಕಾಗಿಲ್ಲ. 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 58ನೇ ಕಲಂ ನಿಮಗೆ ಬಾಯಿಪಾಠ ಇರಬೇಕಲ್ವಾ? ಚರಂಡಿ ನೋಡಿಕೊಳ್ಳುವುದು ಅದರಲ್ಲಿ ಉಪಕಾರ ಅಲ್ಲ, ಕಡ್ಡಾಯ. ಕರಾವಳಿಗೆ 1991ರಿಂದ ಸಿಆರ್‌ಝಡ್ ನಿಯಮ ಇದೆ, ಅಂದರೆ ಸಮುದ್ರ ದಂಡೆಯ ಇಷ್ಟು ಗೆರೆಯೊಳಗೆ ಬೇಕಾದಂತೆ ಕಟ್ಟುವಂತಿಲ್ಲ ಅಂತ. ಭಾವ ಕೊಟ್ಟಿಗೆ ದೊಡ್ಡದು ಮಾಡಲು ಹೋಗಿ, ಆ ಗೆರೆಯೊಳಗೆ ಬರುತ್ತದೆ ಅಂತ ಕಚೇರಿ ಅಲೆದು ಸುಸ್ತಾದ. ಅವನಿಗೆ ಸಿಟ್ಟಿದೆ. ಆದರೆ ಅಲ್ಲಿ ಒಂದು ಗೆರೆಯಾದರೂ ಇದೆ. ನಮ್ಮ ನಾಲಾದ ಗೆರೆ ಎಲ್ಲಿದೆ ಅಂತ ತೋರಿಸಿರಿ. ಅದಕ್ಕೇ ಹೇಳುತ್ತಿರುವುದು, ಅಳೆಸಿರಿ ಅಂತ.

ಪರಿಹಾರದ ಚೆಕ್ಕು ಬೇಡ. ಇನ್ನೊಂದು ಪರಿಶೀಲನೆಯೂ ಬೇಡ. ಫರ್ಸಿ ಮೇಲೆ ಫರ್ಸಿ ಹಾಕಿಸಿ ಮನೆಯನ್ನು ಒಂದು ಅಡಿ ಏರಿಸಿದ್ದೇವೆ, ಈಗ ಅತ್ತೆಗೆ ಹೊಸ್ತಿಲು ಎಡವುತ್ತದೆ.

ಮುಂದಿನ ಮಳೆಗೆ ಮೊದಲು ಸರ್ವೇದವರನ್ನು ಕಳಿಸಿರಿ. ಹಿಂದಿನ ದಿನ ಒಂದು ಫೋನ್ ಮಾಡಿದರೆ ಸಾಕು, ನಾನು ಅಂಗಡಿ ಮುಚ್ಚಿ ಮನೆಯಲ್ಲಿರುತ್ತೇನೆ. ಅವರ ಹತ್ತಿರ ಟೇಪು ಇಲ್ಲದಿದ್ದರೆ ನನ್ನದು ಕೊಡುತ್ತೇನೆ.

ಇಂತಿ,
ತಗ್ಗಿನ ಓಣಿಯ ಟೇಲರ್